ಮಾವನವರ ‘ಬ್ಲಡಿ’

ನಮ್ಮ ಮಾವನವರಿಗೆ ಇಂಗ್ಲಿಷಿನಲ್ಲಿ ಬೈಯಲು ಬರುವುದು ‘ಬ್ಲಡಿ’ ಒಂದೇ. ಬೆಳಗಿನ ಮಂಜಿನಲ್ಲಿ ಅವರು ತೋಟಕ್ಕೆ ಇಳಿದರೆ ಮನುಷ್ಯ ಕಾಣುವುದಿಲ್ಲ, ಆ ಮಾತು ಮಾತ್ರ ತೇಲಿ ಬರುತ್ತದೆ. ಸ್ಟಾರ್ಟ್ ಆಗದ ಜೀಪಿಗೆ ಬ್ಲಡಿ, ಕಿತ್ತಳೆ ಕೀಳುವ ಮಂಗಕ್ಕೆ ಬ್ಲಡಿ, ಹಳೆಯ ಗೆಳೆಯನಂತಿರುವ ಮೇಸ್ತ್ರಿಗೂ ಬ್ಲಡಿ. ಮಗನಿಗಂತೂ ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು.

ಮದುವೆಯಾಗಿ ಮೂಡಿಗೆರೆ ಕಡೆಯ ಈ ಎಸ್ಟೇಟಿಗೆ ಬಂದ ಹೊಸದರಲ್ಲಿ ಗಾಬರಿಯಾಗಿತ್ತು. ನಾನು ಕಳಸದಲ್ಲಿ ಅಪ್ಪನ ಅಂಗಡಿಯಲ್ಲಿ ಬೆಳೆದವಳು. ಅಲ್ಲಿ ಗಿರಾಕಿಯ ಎದುರು ದನಿ ಏರಿಸುವುದೂ ತಪ್ಪು. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಆ ಮಾತಿನ ಅರ್ಥ ಕೇಳಿದೆ.

“ಅರ್ಥ ಎಂತದೂ ಇಲ್ಲ ಅಕ್ಕ. ನಮ್ಮೋರು ಅನ್ನಿಸಿದ್ರೆ ಬೈತಾರೆ. ‘ನೀವು, ತಾವು’ ಅಂದ್ರು ಅಂದ್ರೆ ಹೊರಗಿನೋರು ಅಂತ ಲೆಕ್ಕ.”

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಮಾವನವರು ನನ್ನನ್ನು ‘ನೀವು’ ಎನ್ನುತ್ತಿದ್ದರು. ‘ನಿಮ್ದು ಕಾಫಿ ಆಯ್ತಾ?’ ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಿದ್ದರು. ವರ್ಷ ಕಳೆದರೂ ನಾನು ಈ ಮನೆಯವಳಾಗಲಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು. ಬೈಸಿಕೊಳ್ಳುವ ಮೇಸ್ತ್ರಿಯನ್ನು ಕಂಡು ಹೊಟ್ಟೆಕಿಚ್ಚು ಪಟ್ಟೆ ಎಂದರೆ ಯಾರು ನಂಬುತ್ತಾರೆ?

ಕಳೆದ ಜನವರಿಯ ಒಂದು ಮಧ್ಯಾಹ್ನ ಎಲ್ಲರೂ ಪೇಟೆಗೆ ಹೋಗಿದ್ದರು. ಕಣದಲ್ಲಿ ಕಾಫಿ ಒಣಗುತ್ತಿತ್ತು, ಕಾವಲು ನನ್ನದು. ಹದವಾದ ಬಿಸಿಲು, ಹಣ್ಣು ಒಣಗುವ ಹುಳಿಸಿಹಿ ವಾಸನೆ, ಎಲ್ಲೋ ಜೇನ್ನೊಣಗಳ ಸದ್ದು. ಜಗಲಿಯ ಕಂಬಕ್ಕೆ ಒರಗಿದವಳು ಹಾಗೇ ನಿದ್ದೆಗೆ ಜಾರಿದೆ. ಕನಸಿನಲ್ಲಿ ನಮ್ಮೂರ ಭದ್ರಾ ಹೊಳೆ ಹರಿಯುತ್ತಿತ್ತು. ಕಣ್ಣು ಬಿಟ್ಟರೆ ಅಕಾಲದ ಮಳೆ. ಆಗಷ್ಟೇ ಜೀಪಿನಿಂದ ಇಳಿದ ಮಾವನವರು ಒಬ್ಬರೇ ಟಾರ್ಪಾಲು ಎಳೆಯುತ್ತಿದ್ದರು.

“ಬ್ಲಡಿ, ಎಂತ ನೋಡ್ತಾ ಕೂತಿದೀಯ? ಆ ತುದಿ ಹಿಡಿ ಮಾರಾಯ್ತಿ.”

ಓಡಿ ಹೋಗಿ ಹಿಡಿದೆ. ಮಳೆಯಲ್ಲಿ ನೆನೆಯುತ್ತಲೇ ಖುಷಿಗೆ ಅತ್ತುಬಿಟ್ಟೆ.

ಅವರು ಅದನ್ನು ನೋವಿನ ಅಳು ಎಂದುಕೊಂಡರು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು, ನೆಲ ನೋಡುತ್ತ, “ನಿನ್ನೆ ಬಾಯ್ತಪ್ಪಿ ಅಂದ್ಬಿಟ್ಟೆ. ನೀವು ಮನಸ್ಸಿಗೆ ಹಚ್ಕೋಬೇಡಿ,” ಎಂದರು.

ನನಗೆ ನಿಜವಾಗಿ ನೋವಾದದ್ದು ಆಗ.

“ನಿಮ್ಮೋರಿಗೆಲ್ಲ ಬೈತೀರಿ ಮಾವ. ನಾನೇನು ತಪ್ಪು ಮಾಡ್ದೆ ಅಂತ ನಂಗೊಬ್ಬಳಿಗೆ ಇಷ್ಟು ಮರ್ಯಾದೆ?”

ಅವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಅಂದರು:

“ನಿಂಗೆ ಬೇಜಾರಾಗಿ ಕಳಸದ ಬಸ್ ಹತ್ತಿಬಿಟ್ರೆ ಅಂತ ಹೆದ್ರಿಕೆ ಇತ್ತು ಕಣಮ್ಮ.”