ಕಣ್ಣು ತೆರೆಸುವ ನಾಹೀದಾ

ಕುಷ್ಟಗಿಯಲ್ಲಿ ನಮ್ಮ ಮನೆಗೂ ನಾಹೀದಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಬೆಳಕಿಂಡಿ ಇದೆ. ಅವರ ಒಗ್ಗರಣೆಯ ವಾಸನೆ ನಮಗೆ ಬರುತ್ತದೆ, ನಾನು ರೊಟ್ಟಿ ಬಡಿಯುವ ಸದ್ದು ಅವರಿಗೆ ಕೇಳುತ್ತದೆ. ಅವಳ ಕಂಪ್ಯೂಟರು ಇರುವುದು ಆ ಗೋಡೆಗೆ ತಾಗಿಯೇ. ಹೀಗಾಗಿ ಅದು ಆರಿದ್ದು, ತಾನಾಗಿ ಹೊತ್ತಿಕೊಂಡದ್ದು ನನಗೂ ಕೇಳುತ್ತಿತ್ತು. ಮೊದಲು ಅದರ ಫ್ಯಾನಿನ ಸದ್ದು ಏರುತ್ತದೆ. ಆಮೇಲೆ ಉಸಿರು ಹಿಡಿದಂತೆ ಎಲ್ಲ ಸುಮ್ಮನಾಗುತ್ತದೆ. ನಾನು ಐದು ಎಣಿಸುವಷ್ಟರಲ್ಲಿ ಟುಂಯ್ ಎಂದು ಮತ್ತೆ ಏಳುತ್ತದೆ.

ನಾಹೀದಾ ತಾವರಗೇರಾದವಳು. ಹತ್ತೊಂಬತ್ತನೇ ವಯಸ್ಸಿಗೆ ಅಕ್ಬರನನ್ನು ಮದುವೆಯಾಗಿ ಬಂದಳು. ಅಕ್ಬರ ಫೋಟೋ ತೆಗೆಯುವವನು. ಲಗ್ನಕ್ಕೆ ಕರೆಯುತ್ತಿದ್ದರು, ಬಸುರಿಯರ ಕುಬಸಕ್ಕೆ ಕರೆಯುತ್ತಿದ್ದರು, ಯಾರಾದರೂ ತೀರಿಕೊಂಡರೂ ಕರೆಯುತ್ತಿದ್ದರು. ನಮ್ಮ ಜನರಲ್ಲಿ ತೀರಿಕೊಂಡವರನ್ನು ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಜೀವ ಇದ್ದಾಗ ಒಮ್ಮೆಯೂ ಫೋಟೋ ತೆಗೆಸದವರಿಗೆ ಆ ದಿನ ಒಂದು ಫೋಟೋ ಆಗುತ್ತದೆ. ನಮ್ಮ ಮನೆಯವರದೂ ಹಾಗೆಯೇ. ಮೂವತ್ತೊಂದು ವರ್ಷದ ಹಿಂದಿನದು, ಒಂದೇ ಒಂದು. ಕೂತಿದ್ದಾರೆ, ಕೊರಳಲ್ಲಿ ಹಾರ ಇದೆ, ಕಣ್ಣು ಮುಚ್ಚಿವೆ.

ಆರು ವರ್ಷದ ಹಿಂದೆ ಅಕ್ಬರ ಒಂದು ಲಗ್ನ ಮುಗಿಸಿಕೊಂಡು ಬೈಕಿನ ಮೇಲೆ ಬರುವಾಗ ಹೈವೇಯಲ್ಲಿ ಅಪಘಾತವಾಗಿ ತೀರಿಹೋದ. ಅವನ ಫೋಟೋ ಅಂಗಡಿ ಮುಚ್ಚಿತು, ಅಲ್ಲಿದ್ದ ಕಂಪ್ಯೂಟರು ಮನೆಗೆ ಬಂತು. ನಾಹೀದಾ ಯಾರಲ್ಲೂ ಕಲಿಯಲಿಲ್ಲ. ಗಂಡ ಮಾಡುವಾಗ ಹಿಂದೆ ನಿಂತು ನೋಡಿದ್ದಳು ಅಷ್ಟೇ. ಒಂದೊಂದೇ ಗುಂಡಿ ಒತ್ತಿ ನೋಡುತ್ತ ಎಂಟು ತಿಂಗಳಲ್ಲಿ ಕೈ ಕುದುರಿಸಿಕೊಂಡಳು. ಲಗ್ನಪತ್ರಿಕೆ ಮಾಡಿದಳು, ಶ್ರದ್ಧಾಂಜಲಿ ಬ್ಯಾನರು ಮಾಡಿದಳು. ಆಮೇಲೆ ಸುತ್ತಮುತ್ತ ಯಾರೂ ಮಾಡದ ಒಂದು ಕೆಲಸ ಹಿಡಿದಳು. ಕಣ್ಣು ಮುಚ್ಚಿದ ಫೋಟೋ ತಂದುಕೊಟ್ಟರೆ ಕಣ್ಣು ತೆರೆಸಿ ಕೊಡುತ್ತಿದ್ದಳು. ತಮ್ಮನೋ ಮಗನೋ ಇದ್ದರೆ ಅವರ ಫೋಟೋದಿಂದ ಕಣ್ಣು ತೆಗೆದು ಕೂಡಿಸುವುದು. ರಕ್ತಸಂಬಂಧಿಗಳು ಯಾರೂ ಇಲ್ಲದಿದ್ದರೆ ಏನು ಮಾಡುತ್ತೀ ಎಂದು ಒಮ್ಮೆ ಕೇಳಿದ್ದೆ.

“ನನ್ನ ಹತ್ರ ಒಂದು ಜೋಡಿ ಅದಾವ ದೊಡ್ಡವ್ವಾ,” ಅಂದಳು. “ಎಲ್ಲಾರಿಗೂ ಕೂಡತಾವ.”

ನಾನು ಮುಂದೆ ಕೇಳಲಿಲ್ಲ. ನಮ್ಮ ಮನೆಯವರಿಗೆ ಅಣ್ಣತಮ್ಮಂದಿರಿಲ್ಲ, ನಮಗೆ ಮಕ್ಕಳಾಗಲಿಲ್ಲ. ಆ ಜೋಡಿಯೇ ಆಗಲಿ ಎಂದು ಫೋಟೋ ಕೊಟ್ಟುಬಂದೆ.

ಕಂಪ್ಯೂಟರಿನ ಕಾಟ ಹತ್ತಿದ್ದು ಹೋದ ರಂಜಾನಿನ ನಂತರ. ಅದೇ ಸುಮಾರಿಗೆ ನಾಹೀದಾಳ ಅತ್ತೆ ಹಜರತಬೀ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದರು. ಲಗ್ನಪತ್ರಿಕೆ ಮಾಡುವಾಗ ಮಷೀನು ಸುಮ್ಮನಿರುತ್ತಿತ್ತು. ಸತ್ತವರ ಕಣ್ಣಿಗೆ ಕೈಹಾಕಿದರೆ ಅರ್ಧ ತಾಸಿನೊಳಗೆ ಪರದೆ ಕಪ್ಪಾಗುತ್ತಿತ್ತು. ನಮ್ಮ ಮನೆಯವರ ಫೋಟೋ ಮೊದಲ ಸಲ ಹಾಗಾದಾಗ ನಾನು ಕೆಮ್ಮುತ್ತ ಅಲ್ಲೇ ಕೂತಿದ್ದೆ. ಎಡಗಣ್ಣು ತೆರೆದಿತ್ತು, ಬಲಗಣ್ಣು ಮುಚ್ಚಿತ್ತು. ಆ ಒಂದು ಕಣ್ಣು ನನ್ನ ಕಡೆ ತಿರುಗಿದ ಹಾಗೆ ಕಂಡಿತು, ಅಷ್ಟರಲ್ಲಿ ಎಲ್ಲ ಆರಿಹೋಯಿತು. ಮತ್ತೆ ಹೊತ್ತಿಕೊಂಡಾಗ ಎರಡೂ ಮುಚ್ಚಿದ್ದವು.

ನಾಹೀದಾ ಹೆದರುವವಳಲ್ಲ. ಪ್ಲಗ್ಗು ಸಡಿಲ ಇರಬಹುದೆಂದು ಬೋರ್ಡು ಬದಲಿಸಿದಳು. ಕರೆಂಟು ಏರಿಳಿಯುತ್ತದೆಂದು ಯುಪಿಎಸ್ ಹಾಕಿಸಿದಳು. ರಿಪೇರಿಯ ಪ್ರಭುರಾಜ ಬಂದು ಒಳಗಿನ ಒಂದು ಪಟ್ಟಿ ತೆಗೆದು ರಬ್ಬರಿನಿಂದ ತಿಕ್ಕಿ ಹಾಕಿದ. ಕರೆಂಟು ಹಂಚುವ ಡಬ್ಬಿಯನ್ನು ಹೊಸದು ಕೂಡಿಸಿದ. ಏನೂ ಆಗಲಿಲ್ಲ. ಕೊನೆಗೆ ಮಷೀನನ್ನೇ ಅಂಗಡಿಗೆ ಒಯ್ದು ಇದ್ದದ್ದೆಲ್ಲ ಅಳಿಸಿ ಹೊಸದಾಗಿ ತುಂಬಿದ. ಫೋಟೋಗಳನ್ನು ಮಾತ್ರ ಬೇರೆ ಇಟ್ಟುಕೊಟ್ಟ. ಅವನ ಅಂಗಡಿಯಲ್ಲಿ ಅದು ನಾಲ್ಕು ದಿನ ಹಗಲೆಲ್ಲ ಓಡಿತಂತೆ, ಒಮ್ಮೆಯೂ ಆರಲಿಲ್ಲವಂತೆ. ತಿರುಗಿ ತಂದಿಟ್ಟ ದಿನ ಮಧ್ಯಾಹ್ನ ನಾಹೀದಾ ಒಬ್ಬ ಮುದುಕನ ರೆಪ್ಪೆ ತೆರೆಯಲು ಹೋದಳು, ಆರಿತು.

“ನಿಮ್ಮ ಮನ್ಯಾಗ ಏನೈತೋ ನಂಗೊತ್ತಿಲ್ರಿ,” ಎಂದು ಪ್ರಭುರಾಜ ಹೊಸ್ತಿಲ ಹೊರಗೇ ನಿಂತು ಹೇಳಿ ಹೋದ. ಚಾ ಕುಡಿಯಲಿಲ್ಲ.

ಆ ಅಮಾವಾಸ್ಯೆಯ ದಿನ ಹಜರತಬೀ ಸೊಸೆಯನ್ನು ಕೂಡಿಸಿಕೊಂಡು ನನ್ನ ಎದುರಿಗೇ ಹೇಳಿದರು. “ಮಣ್ಣಾಗ ಮಲಗಿದೋರು ಒಲ್ಲೆ ಅನಾಕತ್ತಾರ. ಮಷೀನು ಅವರ ಮಾತು ಕೇಳ್ತೈತಿ, ನನ್ನ ಸೊಸಿ ಕೇಳವಲ್ಲಳು. ಮುಂದಿನ ಅಮಾಸಿತನಕ ನೋಡ್ತೀನಿ. ಆಮ್ಯಾಲ ಇದು ಈ ಮನ್ಯಾಗ ಇರಂಗಿಲ್ಲ.”

ನಾಹೀದಾಳಿಗೆ ಆ ಮಷೀನು ಬಿಟ್ಟರೆ ಬೇರೆ ಕಸುಬಿಲ್ಲ. ಅದು ಹೋದರೆ ಅವಳೂ ತಾವರಗೇರಾದ ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಕೈಕೆಳಗೆ ಇರಬೇಕು. ರಾತ್ರಿ ಅಡುಗೆಗೆ ಅಕ್ಕಿ ಆರಿಸುತ್ತ ಕೂತಳು, ಆರಿಸಿದ್ದನ್ನೇ ಮತ್ತೆ ಆರಿಸಿದಳು.

ಆರುವ ದಿನಗಳನ್ನು ಬರೆದಿಡೋಣ ಎಂದು ನಾನು ಅಂದೆ. ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಅಕ್ಷರ ಕೂಡಿಸಲು ಹೊತ್ತು ಹಿಡಿಯುತ್ತದೆ, ಆದರೆ ಗುರುತು ಹಾಕುವುದಕ್ಕೆ ಅಡ್ಡಿಯಿಲ್ಲ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಷೀನು ಆರಿದ ದಿನ ಒಂದು ಗೆರೆ ಎಳೆಯುತ್ತ ಬಂದೆ. ಏನು ಕೆಲಸ ನಡೆದಿತ್ತೆಂದು ನಾಹೀದಾ ಬೆಳಕಿಂಡಿಯಿಂದ ಹೇಳುತ್ತಿದ್ದಳು.

ಇಪ್ಪತ್ತೈದು ದಿನಕ್ಕೆ ಏಳು ಗೆರೆಯಾದವು. ಏಳೂ ಕಣ್ಣು ತೆರೆಸುವ ದಿನಗಳು. ಅದರಲ್ಲಿ ಮೂರು ನಮ್ಮ ಮನೆಯವರವು. ಲಗ್ನಪತ್ರಿಕೆಯ ದಿನ ಒಂದೂ ಇಲ್ಲ. ಸೊಸೆಯನ್ನು ಉಳಿಸಲು ಎಳೆದ ಗೆರೆ ಅತ್ತೆಯ ಮಾತಿಗೇ ಸಾಕ್ಷಿಯಾಗಿ ನಿಂತಿತು. ಹಜರತಬೀ ಬಂದು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ, “ನಿನ್ನ ಕೈಯಿಂದನ ಬರದಿ ನೋಡವಾ,” ಅಂದರು. ಗೆದ್ದ ಸಂತೋಷ ಅವರ ದನಿಯಲ್ಲಿ ಇರಲಿಲ್ಲ.

ಅವರು ಹೋದ ಮೇಲೆ ನಾನು ಅಲ್ಲೇ ನಿಂತೆ. ಕ್ಯಾಲೆಂಡರಿನಲ್ಲಿ ಗೆರೆಗಳಲ್ಲದೆ ಚುಕ್ಕೆಗಳೂ ಇದ್ದವು. ನನಗೆ ಆಗಾಗ ಕೆಮ್ಮು ಏರಿ ಬರುತ್ತದೆ. ಯಾವ ದಿನ ಬರುತ್ತದೆ ಗುರುತು ಹಾಕಿ ತೋರಿಸಮ್ಮ ಎಂದು ದವಾಖಾನೆಯ ಡಾಕ್ಟರು ಹೇಳಿದ್ದರು. ಬಂದ ದಿನ ಒಂದು ಚುಕ್ಕೆ. ಈಗ ಎಣಿಸಿದರೆ ಹನ್ನೊಂದು ಚುಕ್ಕೆ. ಏಳು ಗೆರೆಗೂ ಪಕ್ಕದಲ್ಲಿ ಒಂದೊಂದು ಚುಕ್ಕೆ ಇತ್ತು. ಉಳಿದ ನಾಲ್ಕು ಗುರುವಾರಗಳು.

ಸತ್ತವರು ಅಲ್ಲಿ ಮಷೀನು ಆರಿಸಿ, ಇಲ್ಲಿ ನನ್ನ ಎದೆಯ ಮೇಲೆ ಕೂರುತ್ತಾರೆಯೇ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಆಮೇಲೆ ಗುರುವಾರ ಸಂಜೆ ನೆನಪಾಯಿತು. ಗುರುವಾರ ಸಂಜೆ ಹಜರತಬೀ ಮನೆಯಲ್ಲಿ ಕೆಂಡದ ಮೇಲೆ ಲೋಬಾನದ ಧೂಪ ಹಾಕುತ್ತಾರೆ. ಬೆಳಕಿಂಡಿಯಿಂದ ಆ ಹೊಗೆ ನಮ್ಮ ಅಡುಗೆಮನೆಗೆ ಇಳಿಯುತ್ತದೆ. ಅದು ನನ್ನ ಕೆಮ್ಮು.

ಹಾಗಾದರೆ ಉಳಿದ ಏಳು ದಿನವೂ ಹೊಗೆ ಇತ್ತು. ನಾಹೀದಾಳನ್ನು ಕರೆದು ಕೇಳಿದೆ. ಇವತ್ತು ಯಾರದು ಎಂದು ಅತ್ತೆ ದಿನಾ ಬೆಳಿಗ್ಗೆ ಕೇಳುತ್ತಾರೆ, ಕಣ್ಣು ಮುಚ್ಚಿದ್ದು ಎಂದರೆ ಕೆಂಡದ ಬಟ್ಟಲು ತಂದು ಟೇಬಲಿನ ಕೆಳಗೆ ಮಷೀನಿಗೆ ತಗಲಿಸಿ ಇಡುತ್ತಾರೆ ಅಂದಳು. ಒಳಗಿದ್ದದ್ದು ಹೊರಗೆ ಹೋಗಲಿ ಎಂದು. ಅದು ಕಾಪಾಡಲಿಕ್ಕೆ ಇಟ್ಟದ್ದೆಂದು ಅವಳೂ ನಂಬಿದ್ದಳು.

ಅಮಾವಾಸ್ಯೆಗೆ ಇನ್ನು ಮೂರು ದಿನ ಇತ್ತು. ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋಗಿ, ಇವತ್ತು ಲಗ್ನಪತ್ರಿಕೆ ಮಾಡುವಾಗ ಲೋಬಾನ ಹಾಕು ಹಜರತವ್ವಾ ಅಂದೆ.

“ಲಗ್ನಕ್ಕ ಯಾಕ? ಅವರೇನು ಸತ್ತಾರೇನು?”

“ಇನ್ನ ತಾಳಿ ಕಟ್ಟಿಲ್ಲ. ನೀ ಹಾಕು.”

ಹಜರತಬೀ ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು. ಬಟ್ಟಲು ತಂದಿಟ್ಟರು. ನಾಹೀದಾ ಗಂಡಿನ ಹೆಸರು ಬರೆದಳು, ಹೆಣ್ಣಿನ ಹೆಸರು ಬರೆದಳು, ಮೂಲೆಗಳಿಗೆ ಹೂವು ಕೂಡಿಸಿದಳು. ನಾನು ಗಡಿಯಾರ ನೋಡುತ್ತ ಕೂತೆ. ಹೊಗೆ ಮೇಲೆ ಏರಲಿಲ್ಲ. ಯಾರೋ ಒಳಗಿನಿಂದ ಎಳೆದುಕೊಂಡಂತೆ ತೆಳ್ಳಗೆ ಬಾಗಿ ಮಷೀನಿನ ಜಾಲರಿಯೊಳಗೆ ಹೋಗುತ್ತಿತ್ತು. ಹದಿನೆಂಟು ನಿಮಿಷಕ್ಕೆ ಫ್ಯಾನಿನ ಸದ್ದು ಏರಿತು. ಇಪ್ಪತ್ತೆರಡು ನಿಮಿಷಕ್ಕೆ ಮದುಮಕ್ಕಳ ಹೆಸರು ಕಪ್ಪಿನಲ್ಲಿ ಹೋಯಿತು.

ಮಷೀನನ್ನು ಅಂಗಳಕ್ಕೆ ತಂದು ನಾಹೀದಾ ಪಕ್ಕದ ತಗಡು ಬಿಚ್ಚಿದಳು. ಒಳಗೆ ಫ್ಯಾನಿನ ಸುತ್ತ ಕರಿಕಂಬಳಿಯ ಹಾಗೆ ಮಸಿ ಮೆತ್ತಿತ್ತು. ಲೋಬಾನದ ಅಂಟಿಗೆ ಧೂಳು ಹಿಡಿದು ಗಟ್ಟಿಯಾಗಿತ್ತು. ಒಳಗೆ ಗಾಳಿ ಆಡಲು ಜಾಗವೇ ಇರಲಿಲ್ಲ. ಅದರ ಮೇಲೆ ಕೆಂಡದ ಬಿಸಿ ಬಿದ್ದರೆ ಮಷೀನು ತನ್ನ ಜೀವ ಉಳಿಸಿಕೊಳ್ಳಲು ಆರುತ್ತದೆ ಎಂದು ಪ್ರಭುರಾಜ ಆಮೇಲೆ ಬಂದು ಹೇಳಿದ. ಬ್ರಷ್ಷು ಹಿಡಿದು ಕೂತು ಎಲ್ಲ ತೆಗೆದ. ಆವತ್ತು ಒಳಗೆ ಬಂದು ಚಾ ಕುಡಿದ. ಫ್ಯಾನು ತಾನೇ ಮೊದಲು ನೋಡಬೇಕಿತ್ತು ಎಂದು ಒಪ್ಪಿಕೊಂಡ.

ಅವನು ಹೋದ ಮೇಲೆ ನಾಹೀದಾ ಅತ್ತೆಯ ಮುಂದೆ ಬಂದು ಕೂತಳು. ಬೇರೆ ಕೆಲಸಕ್ಕೆ ಹಾಕದ ಲೋಬಾನ ಇದಕ್ಕೇ ಯಾಕೆ ಎಂದು ಮೆಲ್ಲಗೆ ಕೇಳಿದಳು.

“ಪೊರಿ ತೆಗಿಸಿಕೊಂಡು ಬಂದ ಮ್ಯಾಲ ಕಾಣಸ್ತು,” ಅಂದರು ಹಜರತಬೀ. “ಅವು ಅಕ್ಬರನ ಕಣ್ಣು. ಹೆತ್ತಾಕಿಗೆ ಗುರ್ತು ಹತ್ತಂಗಿಲ್ಲೇನು? ಯಾರ್ಯಾರ ಮುಖದಾಗೋ ಕುಂತು ನನ್ನ ಮಗಾ ನನ್ನ ನೋಡ್ತಾನ. ರುಮಾಲು ಬ್ಯಾರೆ, ಮೀಸಿ ಬ್ಯಾರೆ. ಅಮ್ಮೀ ಅನ್ನಂಗಿಲ್ಲ.”

ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿದ ಶ್ರದ್ಧಾಂಜಲಿ ಬ್ಯಾನರುಗಳು ಕಣ್ಣಮುಂದೆ ಬಂದವು. ಅದರಲ್ಲಿರುವ ಸತ್ತವರೆಲ್ಲ ಯಾಕೆ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ ಎಂದು ನಾನು ಎರಡು ಸಲ ನಿಂತು ನೋಡಿದ್ದೆ.

“ಹತ್ತೊಂಬತ್ತು ಮಂದಿಗೆ ಹಚ್ಚೀನಿ ಅಮ್ಮೀ,” ಅಂದಳು ನಾಹೀದಾ. “ನಿಮ್ಮ ಮಗನ ಫೋಟೋ ಸುಮ್ಮ ತಕ್ಕೊಂಡು ಕುಂತ್ರ ಅಳು ಬರ್ತೈತಿ. ಕೆಲಸ ಅಂತ ತಗದ್ರ ನೋಡಾಕ ಆಕ್ಕೈತಿ.”

ಹಜರತಬೀ ಎದ್ದು ಹೋಗಿ ಕೆಂಡದ ಬಟ್ಟಲನ್ನು ಬಚ್ಚಲಲ್ಲಿ ಸುರಿದು ತೊಳೆದರು. ತೊಳೆದು ಬೋರಲು ಹಾಕಿ ಬಂದರು. “ಇವರದು ಮುಗಸು,” ಎಂದು ನನ್ನ ಕಡೆ ತೋರಿಸಿದರು. “ಇವರು ಕಡೀದವರು. ಆಮ್ಯಾಲ ಅವನ ಕಣ್ಣು ಯಾರಿಗೂ ಕೊಡಬ್ಯಾಡ. ಮಷೀನು ಇರಲಿ.”

ಅಮಾವಾಸ್ಯೆಯ ದಿನ ಮಧ್ಯಾಹ್ನ ನಾವು ಮೂವರೂ ಪರದೆಯ ಮುಂದೆ ಕೂತೆವು. ಹೊಗೆ ಇರಲಿಲ್ಲ. ಎಡಗಣ್ಣು ತೆರೆಯಿತು. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಬಲಗಣ್ಣು ತೆರೆಯಿತು. ಮಷೀನು ಆರಲಿಲ್ಲ. ಮೂವತ್ತೊಂದು ವರ್ಷದ ಮೇಲೆ ನಮ್ಮ ಮನೆಯವರು ನೋಡಿದರು. ನೋಡಿದ್ದು ನನ್ನನ್ನಲ್ಲ. ನನ್ನ ಪಕ್ಕದಲ್ಲಿ ಕೂತ ಹಜರತಬೀಯನ್ನು. ನಾನು ಸ್ವಲ್ಪ ಸರಿದು ಕೂತು ನೋಡಿದೆ, ಆಗಲೂ ಅವರನ್ನೇ.

ಫೋಟೋಕ್ಕೆ ಚೌಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ, ಬೆಳಕಿಂಡಿಯ ಕೆಳಗೆ ತೂಗುಹಾಕಿದ್ದೇನೆ. ನಾಹೀದಾಳ ಕೆಲಸ ನಡೆದಿದೆ. ಈಗ ಅವಳು ತಮ್ಮನ, ಮಗನ ಕಣ್ಣು ಇದ್ದರೆ ಮಾತ್ರ ಒಪ್ಪುತ್ತಾಳೆ, ಇಲ್ಲದಿದ್ದರೆ ಫೋಟೋ ತಿರುಗಿ ಕೊಡುತ್ತಾಳೆ. ಪ್ರತಿ ಗುರುವಾರ ಮಧ್ಯಾಹ್ನ ಮೂರೂವರೆಗೆ ಹಜರತಬೀ ನಮ್ಮ ಮನೆಗೆ ಬಂದು ಫೋಟೋದ ಎದುರು ಅರ್ಧ ತಾಸು ಕೂರುತ್ತಾರೆ. ಮಾತಾಡುವುದಿಲ್ಲ. ಅವರು ಹೋದ ಮೇಲೆ ನಾನು ಆ ಗೋಡೆಗೆ ಬೆನ್ನು ಮಾಡಿ ತಲೆ ಬಾಚಿಕೊಳ್ಳುತ್ತೇನೆ, ಸೆರಗು ಮೊದಲಿಗಿಂತ ಬಿಗಿಯಾಗಿ ಹೊದೆಯುತ್ತೇನೆ. ಗಂಡನ ಮುಖವೇ, ಆದರೆ ನೋಡುವವನು ಪಕ್ಕದ ಮನೆಯ ಹುಡುಗ.

ಗುರುತು ಹಾಕುವುದನ್ನು ಬಿಟ್ಟಿಲ್ಲ. ಈ ನಾಲ್ಕು ತಿಂಗಳಲ್ಲಿ ಒಂದೇ ಗೆರೆ ಇದೆ. ಅದು ಹಜರತಬೀ ಜ್ವರ ಬಂದು ನಮ್ಮ ಮನೆಗೆ ಬರಲಾಗದೆ ಹೋದ ಗುರುವಾರ, ಮಧ್ಯಾಹ್ನ ಮೂರೂವರೆ. ಅವತ್ತು ಕೆಂಡ ಹೊತ್ತಿಸಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ನಾಹೀದಾ ಯಾವುದೋ ಶಾಲೆಯ ಹಾಜರಿ ಪಟ್ಟಿ ಮಾಡುತ್ತಿದ್ದಳು. ಗೋಡೆಯ ಆಚೆ ಸದ್ದು ನಿಂತಿತು, ನಾನು ಐದು ಎಣಿಸಿದೆ, ಟುಂಯ್ ಎಂದಿತು. ಗೆರೆಯ ಪಕ್ಕದಲ್ಲಿ ಚುಕ್ಕೆ ಇಲ್ಲ.