ಗುಂಡಿ ಅತ್ತೆ ಇಂಜಿನ್ ತಿರುಗಿಸಿದ್ದು

ಇಂಜಿನ್ ಎಂದರೆ ಏನೆಂದು ನಮ್ಮ ಕೇರಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಹಾದುಹೋದರೆ ಅಟ್ಟದ ಮೇಲಿನ ಪಾತ್ರೆಗಳು ಗಡಗಡ ನಡುಗುತ್ತಿದ್ದವು, ತೊಟ್ಟಿಲಲ್ಲಿದ್ದ ಕೂಸಿಗೆ ಯಾರೂ ತೂಗದೆಯೇ ನಿದ್ದೆ ಬರುತ್ತಿತ್ತು, ಒಣಗಲು ಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಬೂದಿ ಬಣ್ಣಕ್ಕೆ ಬರುತ್ತಿತ್ತು. ಅಂಥ ಇಂಜಿನ್ನನ್ನು, ಒಳಗೆ ಕೂತ ನಮ್ಮಪ್ಪನ ಸಮೇತ, ಒಬ್ಬ ಹೆಂಗಸು ನೂಕಿ ತಿರುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ.

ರೈಲು ಇಂಜಿನ್‌ಗಳ ಷೆಡ್ಡಿನ ಮುಂದೆ ಕಲ್ಲು ಕಟ್ಟಿದ ದೊಡ್ಡ ದುಂಡನೆಯ ಗುಂಡಿಯೊಂದಿತ್ತು. ಅದರ ನಟ್ಟನಡುವೆ ಒಂದು ಉಕ್ಕಿನ ಗೂಟ, ಗೂಟದ ಮೇಲೆ ಸೇತುವೆ, ಸೇತುವೆಯ ಮೇಲೆ ಹಳಿ. ಬಂದ ದಾರಿಗೇ ಮತ್ತೆ ಮುಖ ಮಾಡಬೇಕಾದ ಇಂಜಿನ್ ಆ ಸೇತುವೆಯ ಮೇಲೆ ಬಂದು ನಿಲ್ಲುತ್ತಿತ್ತು. ತುದಿಯಲ್ಲಿದ್ದ ಉದ್ದನೆಯ ಮರದ ಹಿಡಿಗೆ ಹೆಗಲು ಕೊಟ್ಟು ನೂಕಿದರೆ ಸೇತುವೆಯೂ ಇಂಜಿನ್ನೂ ಒಟ್ಟಿಗೇ ತಿರುಗುತ್ತಿದ್ದವು. ಭಾರ ಎರಡೂ ಕಡೆ ಸಮನಾಗಿ ಬಿದ್ದಿದ್ದರೆ ಒಬ್ಬರು ಸಾಕು. ಒಂದು ಗೇಣು ಹೆಚ್ಚು ಕಡಿಮೆಯಾದರೆ ಸೇತುವೆಯ ಒಂದು ತುದಿ ಕೆಳಗೆ ಅಮುಕಿಕೊಂಡು ಕೂತುಬಿಡುತ್ತಿತ್ತು. ಆಗ ಒಬ್ಬರ ಕೈಯಲ್ಲಿ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ.

ಆ ಗುಂಡಿಯ ಕೆಲಸದವರು ನಮ್ಮ ಪಕ್ಕದ ಮನೆಯವರು, ಗೋಡೆಗೆ ಗೋಡೆ. ಕೇರಿಗೆಲ್ಲ ಅವರು ಗುಂಡಿ ಮಾವ, ಅವರ ಹೆಂಡತಿ ಗುಂಡಿ ಅತ್ತೆ. ಅತ್ತೆ ಕಡ್ಡಿಯಂತಿದ್ದರು. ದಿನಾ ಮಧ್ಯಾಹ್ನ ಮಾವನಿಗೆ ಬುತ್ತಿ ಕೊಟ್ಟು, ಪಾತ್ರೆ ವಾಪಸು ಒಯ್ಯಬೇಕೆಂಬ ನೆಪ ಹೇಳಿ ಗುಂಡಿಯ ಅಂಚಿನಲ್ಲೇ ಕೂತಿರುತ್ತಿದ್ದರು. ಕೈ ಖಾಲಿ ಇದೆ ಎನ್ನಿಸಿದರೆ ತಾವೂ ಆ ಹಿಡಿಗೆ ಹೆಗಲು ಕೊಡುತ್ತಿದ್ದರು.

ಮಾವನಿಗೂ ಇಂಜಿನ್ ಡ್ರೈವರ್ ಆದ ನಮ್ಮಪ್ಪನಿಗೂ ಮಾತಿರಲಿಲ್ಲ. ಕಾರಣ ಒಂದು ಕುಂಬಳಬಳ್ಳಿ. ಬೇರು ಅವರ ಹಿತ್ತಲಲ್ಲಿ, ಕಾಯಿ ನಮ್ಮ ಸೂರಿನ ಮೇಲೆ. ಅಪ್ಪ ಒಂದು ಕಾಯಿ ಕಿತ್ತ, ಮಾವ ಒಂದು ಮಾತು ಅಂದರು, ಅಲ್ಲಿಗೆ ಮುಗಿಯಿತು. ಬಳ್ಳಿ ಒಣಗಿ ವರ್ಷಗಳಾದರೂ ಈ ಇಬ್ಬರು ಮಹಾಪುರುಷರ ಜಂಬ ಹಸಿರಾಗೇ ಇತ್ತು. ಗುಂಡಿಯಲ್ಲಿ ನಿಂತ ಮಾವ ಅಪ್ಪನ ಪಕ್ಕದಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೆ ಕೂಗುತ್ತಿದ್ದರು, “ಸ್ವಲ್ಪ ಹಿಂದಕ್ಕೆ ತಗೊಳ್ಳೋಕೆ ಹೇಳಪ್ಪಾ ನಿಮ್ಮ ಸಾಹೇಬ್ರಿಗೆ.” ಅಪ್ಪ ಅದೇ ಫೈರ್‌ಮನ್‌ಗೆ ಹೇಳುತ್ತಿದ್ದ, “ಕೇಳಿಸ್ತು ಅಂತ ಹೇಳು.” ಕೋಪ ನೆತ್ತಿಗೇರಿದ ದಿನ ಕೇಳಿಸಿದರೂ ಕೇಳಿಸದ ಹಾಗೆ ನಿಂತಲ್ಲೇ ನಿಲ್ಲಿಸಿಬಿಡುತ್ತಿದ್ದ. ಮಾವ ಹಲ್ಲು ಕಚ್ಚಿಕೊಂಡು ಇನ್ನಿಬ್ಬರನ್ನು ಕರೆದು, ಬೆವರು ಸುರಿಸಿ ತಿರುಗಿಸುತ್ತಿದ್ದರು.

ಒಂದು ಚಳಿಗಾಲದಲ್ಲಿ ಮಾವ ಜ್ವರ ಬಂದು ಮಲಗಿದವರು ಏಳಲಿಲ್ಲ. ಅಪ್ಪ ಹೆಣಕ್ಕೆ ಹೆಗಲು ಕೊಟ್ಟ. 

ಕ್ವಾರ್ಟರ್ಸು ಕೆಲಸಕ್ಕೆ ಅಂಟಿಕೊಂಡದ್ದು; ಕೆಲಸ ಹೋದರೆ ಮನೆಯೂ ಹೋಯಿತು. ಅತ್ತೆಗೆ ಇದ್ದದ್ದು ಒಬ್ಬಳು ಪುಟ್ಟ ಮಗಳು, ಜೊತೆಗೆ ಹಾಸಿಗೆ ಹಿಡಿದಿದ್ದ ಮುದುಕಿ, ಮಾವನ ತಾಯಿ. ಷೆಡ್ಡಿನ ಫೋರ್‌ಮನ್ ಹತ್ತಿರ ಹೋಗಿ, “ಆ ಕೆಲ್ಸ ನನಗೇ ಕೊಡಿ” ಎಂದರು. ಫೋರ್‌ಮನ್ ನಕ್ಕರು. ಅತ್ತೆ ನಗಲಿಲ್ಲ. ಫೋರ್‌ಮನ್ ಕೆಟ್ಟವರೇನಲ್ಲ, ನಗು ನಿಲ್ಲಿಸಿ ಹೇಳಿದರು, “ನಾಳೆ ಮಧ್ಯಾಹ್ನ ಬರೋ ಇಂಜಿನ್ನ ಒಬ್ರೇ ತಿರುಗಿಸಿ ತೋರ್ಸಿಯಮ್ಮ. ಆದ್ರೆ ಕೆಲ್ಸಾನೂ ನಿಮ್ದೇ, ಮನೇನೂ ನಿಮ್ದೇ. ಆಗ್ಲಿಲ್ಲ ಅಂದ್ರೆ ನನ್ನ ಬೈಕೋಬೇಡಿ.”

ಮಧ್ಯಾಹ್ನದ ಇಂಜಿನ್ ಅಪ್ಪನದು. ಬೆಳಗಿನ ಜಾವ ಅಪ್ಪ ಹೊರಡುವಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ನೋಡಿ, ಇವತ್ತು ನಿಮ್ಮ ಕುಂಬಳಕಾಯಿ ಬುದ್ಧಿ ತೋರ್ಸಿದ್ರೆ ಈ ಮನೇಲಿ ನಿಮಗೆ ಊಟ ಇಲ್ಲ.” ಅಪ್ಪ ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಮಧ್ಯಾಹ್ನ ಕೇರಿಗೆ ಕೇರಿಯೇ ಬೇಲಿಗೆ ಒರಗಿ ನಿಂತಿತ್ತು. ಸೇತುವೆಯ ಹಳಿಯ ಮೇಲೆ ಮಾವ ಹಿಂದೆ ಎಳೆದಿದ್ದ ಬಿಳಿ ಗೆರೆಯೊಂದಿತ್ತು. ಮುಂದಿನ ದೊಡ್ಡ ಚಕ್ರ ಅಲ್ಲಿಗೆ ಬಂದು ನಿಲ್ಲಬೇಕು. ಅಪ್ಪ ಎಂದೂ ಆ ಗೆರೆಯನ್ನು ಕಣ್ಣೆತ್ತಿ ನೋಡಿದವನಲ್ಲ. ಅಂದು ಅರ್ಧ ಮೈ ಹೊರಗೆ ಚಾಚಿ, ಮಲಗಿದ ಮಗುವಿಗೆ ಹೊದಿಕೆ ಹೊದಿಸುವಷ್ಟು ಮೆತ್ತಗೆ ಇಂಜಿನ್ ತಂದು, ಕೂದಲೆಳೆಯೂ ತಪ್ಪದಂತೆ ಗೆರೆಯ ಮೇಲೆ ನಿಲ್ಲಿಸಿದ. ನಾನು ಅಮ್ಮನ ಕೈ ಹಿಡಿದೆ. ಅತ್ತೆ ಸೆರಗು ಬಿಗಿದು ಹಿಡಿಗೆ ಹೆಗಲು ಕೊಟ್ಟರು.

ಸೇತುವೆ ಕದಲಲಿಲ್ಲ.

ಇನ್ನೊಮ್ಮೆ ನೂಕಿದರು. ಕುತ್ತಿಗೆಯ ನರ ಉಬ್ಬಿತು, ಕಾಲು ಜಾರಿತು. ಫೋರ್‌ಮನ್ ತಲೆ ಕೆಳಗೆ ಹಾಕಿದರು. ಬೇಲಿಯ ಕಡೆಯಿಂದ ಯಾರೋ ಅಪ್ಪನನ್ನು ಬೈದರು. ಅಪ್ಪನ ಮುಖ ಕಪ್ಪಿಟ್ಟಿತು. ಪಾಪ, ಜೀವನದಲ್ಲಿ ಮೊದಲ ಸಲ ಸರಿಯಾಗಿ ನಿಲ್ಲಿಸಿದ್ದ.

ಅತ್ತೆ ಮಾತ್ರ ಹಿಡಿ ಬಿಟ್ಟು, ಬಗ್ಗಿ ಸೇತುವೆಯ ಎರಡೂ ತುದಿ ನೋಡಿದರು. ಮುಂದಿನ ತುದಿ ಕೆಳಗೆ ಕೂತಿತ್ತು, ಹಿಂದಿನದು ಮೇಲೆ ತೇಲುತ್ತಿತ್ತು. ಆಮೇಲೆ ಇಂಜಿನ್ನಿನ ಹಿಂಭಾಗಕ್ಕೆ ಹೋಗಿ, ನೀರು ಕಲ್ಲಿದ್ದಲು ತುಂಬುವ ಗಾಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಖಾಲಿ ಡಬ್ಬದ ಸದ್ದು ಬಂತು. ದೂರದಿಂದ ಬಂದ ಇಂಜಿನ್, ನೀರೆಲ್ಲ ಮುಗಿದಿತ್ತು. ಗೆರೆ ಇದ್ದದ್ದು ತುಂಬಿದ ಗಾಡಿಯ ಲೆಕ್ಕಕ್ಕೆ. ಹಿಂಭಾಗ ಹಗುರಾದ ದಿನ ಎಲ್ಲಿ ನಿಲ್ಲಿಸಬೇಕೆಂದು ಕೆಳಗಿದ್ದವರು ಕಂಡು ಹೇಳಬೇಕು, ಮೇಲಿದ್ದವರು ಕೇಳಬೇಕು.

ಅತ್ತೆ ತಲೆಯೆತ್ತಿ, “ಅಣ್ಣಾ!” ಎಂದು ಕೂಗಿದರು.

ಫೈರ್‌ಮನ್ ಅಭ್ಯಾಸಬಲದಿಂದ ಮಾತು ದಾಟಿಸಲು ಬಾಯಿ ತೆರೆದ. ಅಪ್ಪ ಅವನನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಗ್ಗಿದ. “ಹೇಳಮ್ಮಾ. ಎಷ್ಟು?”

“ಹಿಂದಕ್ಕೆ. ಒಂದು ಗೇಣು.”

ಇಂಜಿನ್ ಉಸಿರು ಬಿಟ್ಟು ಹಿಂದೆ ಸರಿಯಿತು. “ಸಾಕಾ?” “ಇನ್ನೊಂಚೂರು... ಸಾಕು ಸಾಕು!” ಸೇತುವೆಯ ಮುಂದಿನ ತುದಿ ಮೆಲ್ಲಗೆ ಮೇಲಕ್ಕೆದ್ದಿತು.

ಅತ್ತೆ ಮತ್ತೆ ಹೆಗಲು ಕೊಟ್ಟರು. ಮೊದಲು ಏನೂ ಆಗಲಿಲ್ಲ. ಆಮೇಲೆ ಗೂಟ ಒಮ್ಮೆ ಕಿರುಗುಟ್ಟಿತು, ಇಂಜಿನ್ನಿನ ಮೂಗು ಷೆಡ್ಡಿನ ಗೋಡೆ ಬಿಟ್ಟು ಕದಲಿತು. ಆ ಕರೀ ಬೆಟ್ಟ, ಒಳಗಿನ ಬೆಂಕಿ, ಹೊಗೆ, ಎಲ್ಲವೂ ಆ ಸಣಕಲು ಹೆಂಗಸಿನ ಹೆಗಲ ಮುಂದೆ ಸದ್ದಿಲ್ಲದೆ ಸುತ್ತುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂದು ಹೊಳೆಯಲೇ ಇಲ್ಲ. ನನ್ನ ಮೈಯೆಲ್ಲ ಜುಮ್ಮೆಂದಿತು. ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ. ನಮ್ಮ ಮುಂದೆ ಹಾದುಹೋಗುವಾಗ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಇಂಜಿನ್ ಪೂರ್ತಿ ತಿರುಗಿ ನಿಂತಿತು. ಅತ್ತೆ ಸೇತುವೆ ಕದಲದಂತೆ ಅಗುಳಿ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು ಫೋರ್‌ಮನ್ ಕಡೆ ನೋಡಿದರು. “ನಾಳೆ ಬೆಳಿಗ್ಗೆ ಬೇಗ ಬನ್ನಿಯಮ್ಮಾ” ಎಂದರು ಅವರು.

ಹೊಗೆಯ ಇಂಜಿನ್‌ಗಳು ನಿಂತು, ಗುಂಡಿಗೆ ಮಣ್ಣು ತುಂಬುವವರೆಗೂ ಅಲ್ಲಿ ಕೆಲಸ ಮಾಡಿದ್ದು ಅತ್ತೆಯೇ. “ಸಾಕಾ ತಂಗೀ?”, “ಇನ್ನೊಂಚೂರು, ಅಣ್ಣಾ!” ಎಂಬ ಕೂಗು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ಅತ್ತೆ ಮೊದಲ ಸಲ ಒಬ್ಬರೇ ಇಂಜಿನ್ ತಿರುಗಿಸಿದ ಆ ದಿನ ಸಂಜೆ ಅಮ್ಮ ಅಪ್ಪನಿಗೆ ಕರೆದು ಬಡಿಸಿದಳು. ಅಪ್ಪ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಪಕ್ಕದ ಮನೆಯ ಗೋಡೆ ನೋಡುತ್ತ ಕೂತಿದ್ದ. ಆಮೇಲೆ ಅಮ್ಮನ ಕಡೆ ತಿರುಗಿದ.

“ಎಷ್ಟು ಅಂತ ಅವನನ್ನೇ ಒಂದ್ಸಲ ಕೇಳ್ಬಹುದಿತ್ತು ಕಣೇ.”