ಜಯಮ್ಮ ಕೂತ ಹಲಗೆ

ದುಬ್—

ಅಷ್ಟೇ ಸದ್ದು. ಗಟ್ಟಿ ಮರಕ್ಕೆ ಬಡಿದರೆ ಠಣ್ಣನೆ ತಿರುಗಿ ಬರುತ್ತದಲ್ಲ, ಹಾಗೆ ಬರಲಿಲ್ಲ. ಒದ್ದೆ ಗೋಣಿಚೀಲಕ್ಕೆ ಗುದ್ದಿದ ಹಾಗೆ ಒಳಗೇ ಉಳಿದುಬಿಟ್ಟಿತು. ಕೇಳಿದವಳು ನಾನೊಬ್ಬಳೇ. ನಮ್ಮ ಟ್ರೈಲರಿನ ಹಲಗೆ ಕೊಳೆತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ನಾದಿನಿ ಜಯಮ್ಮನನ್ನು ಅದರ ಮೇಲೆ ಕೂರಲು ಬಿಟ್ಟೆ. ಆಮೇಲೆ, ಅವಳ ಮೈಭಾರಕ್ಕೆ ಹಲಗೆ ಮುರಿಯಿತೆಂದು ಊರೆಲ್ಲ ನಕ್ಕಾಗ—ನಾನೂ ನಕ್ಕೆ.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ನಮ್ಮ ಕ್ಲಾಸಿನ ಕ್ರಿಶ್ಚಿಯನ್ ಹುಡುಗಿಯರು ಚಾಪೆಲ್ಲಿನ ಕನ್ಫೆಶನ್ ಬಾಕ್ಸಿನ ಮುಂದೆ ಕ್ಯೂ ನಿಲ್ಲುತ್ತಿದ್ದರು. ಹೋಗುವಾಗ ಮುಖ ಸಣ್ಣಗೆ, ಬರುವಾಗ ಎಷ್ಟು ಹಗುರ! ನಮಗೆ ಹಿಂದೂ ಹುಡುಗಿಯರಿಗೆ ಆ ಸೌಲಭ್ಯ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದೆ. ಆಗ ನನ್ನಲ್ಲಿ ಹೇಳಿಕೊಳ್ಳುವಂಥ ಪಾಪವೂ ಇರಲಿಲ್ಲ. ಈಗ ಇದೆ. ಅದಕ್ಕೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದು ಕೂತಿದ್ದೇನೆ.

ಗಂಡನ ಊರು ಮದ್ದೂರು–ಮಳವಳ್ಳಿ ರಸ್ತೆಯಿಂದ ಒಂದಿಷ್ಟು ಒಳಕ್ಕೆ. ಕಬ್ಬು, ಭತ್ತ, ರೇಷ್ಮೆ. ಮದುವೆಯಾಗಿ ಹೋದ ಮೊದಲ ವಾರವೇ ನನಗೆ ಹೆಸರು ಬಿತ್ತು—ಇಂಗ್ಲೀಸ್ ಅಮ್ಮಣ್ಣಿ. ಮುದ್ದೆ ನುಂಗಲು ಬರದೆ ಅಗಿದದ್ದಕ್ಕೆ ನಕ್ಕರು, ಎಮ್ಮೆಗೆ 'ಪ್ಲೀಸ್' ಅಂದದ್ದಕ್ಕೆ ನಕ್ಕರು. ಅದರಲ್ಲಿ ವಿಷವೇನೂ ಇರಲಿಲ್ಲ, ಈಗ ತಿಳಿಯುತ್ತದೆ. ಆಗ ಒಂದೊಂದು ನಗುವೂ ಚುಚ್ಚುತ್ತಿತ್ತು. ನನ್ನ ಪರ ನಿಲ್ಲುತ್ತಿದ್ದವಳು ಜಯಮ್ಮ ಒಬ್ಬಳೇ. ನಮ್ಮ ಮನೆಯವರ ಒಬ್ಬಳೇ ತಂಗಿ. ಅದೇ ಊರಲ್ಲಿ ಪಕ್ಕದ ಬೀದಿಗೆ ಕೊಟ್ಟಿದ್ದರು, ಬೆಳಿಗ್ಗೆ ಎದ್ದರೆ ನಮ್ಮ ಹಟ್ಟಿಯಲ್ಲೇ ಇರುತ್ತಿದ್ದಳು. ದುಂಡಗೆ, ದೊಡ್ಡದಾಗಿ ಬೆಳೆದ ಹೆಂಗಸು. ಬಾಗಿಲಲ್ಲಿ ಅವಳು ನಿಂತರೆ ಒಳಗೆ ಕತ್ತಲು. ನಗಲು ಶುರು ಮಾಡಿದರೆ ಮೊದಲು ಹೊಟ್ಟೆ, ಆಮೇಲೆ ಭುಜ, ಕೊನೆಗೆ ಸದ್ದು. ಊಟವೆಂದರೆ ಪ್ರಾಣ. ಬೀಗರೂಟವೆಂದರೆ—ಮದುವೆಯಾದ ಮೇಲೆ ಬೀಗರ ಮನೆಯಲ್ಲಿ ಹಾಕಿಸುವ ಆ ಬಾಡೂಟ—ಹಿಂದಿನ ದಿನವೇ ಸೀರೆ ತೆಗೆದಿಡುತ್ತಿದ್ದಳು.

ಬೀಗರೂಟಕ್ಕೆ ನಮ್ಮ ಕಡೆ ಹೆಂಗಸರು ಹೋಗುವುದು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ. ಕಬ್ಬು ಹೊತ್ತ ಟ್ರೈಲರೇ. ಗುಡಿಸಿ, ಜಮಖಾನ ಹಾಸಿದರೆ ಆಯಿತು. ನಮ್ಮದು ಮತ್ತಿಮರದ ಹಲಗೆ ಹೊಡೆದದ್ದು. ಬಿಸಿಲು, ಮಳೆ, ಗೊಬ್ಬರದ ನೀರು, ಎಲ್ಲಕ್ಕೂ ಬಾಯಿ ತೆರೆದುಕೊಂಡು ಬಯಲಲ್ಲೇ ನಿಲ್ಲುತ್ತಿತ್ತು. ಅದಕ್ಕೇ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಅದಕ್ಕೆ ಎಣ್ಣೆ ಕುಡಿಸುತ್ತಿದ್ದರು. ಇಂಜಿನ್ನಿನಿಂದ ಇಳಿಸಿದ ಕರೀ ಆಯಿಲ್ಲಿಗೆ ಹೊಂಗೆಣ್ಣೆ ಬೆರೆಸಿ, ಗೋಣಿಯ ತುಂಡಿನಲ್ಲಿ ಉಜ್ಜುವುದು. ಆ ಕೆಲಸಕ್ಕೆ ಯಾರೂ ಮುಂದಾಗದೆ ಹೇಗೋ ಜಯಮ್ಮನ ಪಾಲಿಗೆ ಬಂದಿತ್ತು. ಉಜ್ಜುತ್ತ ಉಜ್ಜುತ್ತ ಬೈಯುತ್ತಿದ್ದಳು.

ಎಣ್ಣೆಯೇನೋ ಮರಕ್ಕೆ ಒಳ್ಳೆಯದು. ಸೀರೆಗೆ? ಕೂತೆದ್ದರೆ ಹಿಂದುಗಡೆ ಕಪ್ಪು ಮಚ್ಚೆ. ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಬೇರೆ. ಕಾಲುಂಗುರ ಸಿಕ್ಕಿಕೊಳ್ಳುತ್ತಿತ್ತು, ಕೆಳಗಿನಿಂದ ಧೂಳು ಏಳುತ್ತಿತ್ತು. ನನ್ನ ತವರಿನ ಮೈಸೂರು ಸಿಲ್ಕ್ ಒಂದು ಹಾಗೇ ಹಾಳಾಯಿತು. ಮದುವೆಯಾದ ಎಷ್ಟೋ ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ ನಾನು ತೀರ್ಮಾನ ಮಾಡಿದೆ. ನಮ್ಮ ಚಾಪೆಲ್ಲಿನ ಬೆಂಚುಗಳಿಗೆ ವಾರ್ನಿಷ್ ಹೊಡೆಸುತ್ತಿದ್ದರಲ್ಲ, ಹಾಗೇ ಇದಕ್ಕೂ. ನೀಟಾಗಿ. ಸಂದಿಗೆಲ್ಲ ಪುಟ್ಟಿ ತುಂಬಿಸಿ, ಮೇಲೆ ಹಸಿರು ಎನಾಮಲ್ ಪೇಂಟ್.

ಜಯಮ್ಮನಿಗೆ ಖುಷಿಯೋ ಖುಷಿ. "ಸದ್ಯ, ಆ ನಾತ ತಪ್ತು ಕಣತ್ತಿಗೆ! ನಿಮ್ ಕಾನ್ವೆಂಟು ನಮ್ ಟ್ರೈಲರ್‌ಗೂ ಬಂತು ಬುಡಿ!"

ಆ ವಾರವೆಲ್ಲ ಅದೇ ಟ್ರೈಲರಿನಲ್ಲಿ ಕೆರೆಯ ಗೋಡು, ಹಸಿ ಹೂಳು, ಹೊಡೆದಿದ್ದರು. ತೊಳೆದ ಹಲಗೆ ಒಳಗೊಳಗೇ ಇನ್ನೂ ಹಸಿ. ಬಿಸಿಲಿಗೆ ಬಿಟ್ಟು ಒಣಗಿಸಬೇಕಿತ್ತು. ನನಗೆ ತಡೆಯಲಾಗಲಿಲ್ಲ, ಮಾರನೆಯ ದಿನವೇ ಹೊಡೆಸಿಬಿಟ್ಟೆ. ಒಳಗಿನ ನೀರು ಒಳಗೇ ಉಳಿಯಿತು. ಮೇಲೆ ಬಿದ್ದ ಮಳೆ ಹರಿದುಹೋಗಲು ಸಂದಿಲ್ಲದೆ ಹಿಂದಿನ ಬಲಮೂಲೆಯಲ್ಲಿ, ಚಕ್ರದ ನೆತ್ತಿಗೆ, ಮಡುಗಟ್ಟಿ ನಿಂತು ಸಣ್ಣ ಬಿರುಕುಗಳಲ್ಲಿ ಇಳಿಯಿತು. ಇದೆಲ್ಲ ಈಗ ತಿಳಿದ ಮಾತು. ಆಗ ನನ್ನ ಕಣ್ಣಿಗೆ ಕಂಡದ್ದು ಹೊಳಪು ಮಾತ್ರ. ಊರ ಹೆಂಗಸರು ಬಂದು ಬಂದು ಕೈಯಾಡಿಸಿ ನೋಡಿದರು. ನಮ್ಮ ಮನೆಯವರು ನೆಂಟರ ಮುಂದೆ, "ನಮ್ಮವಳ ಐಡಿಯಾ," ಅಂದರು. ಆ ಮನೆಯಲ್ಲಿ ನನ್ನ ಓದಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಅದನ್ನು ಕಳೆದುಕೊಳ್ಳುವ ಭಯ ಎಷ್ಟಿತ್ತು ಎಂದರೆ—

ಮುಂದೆ ಹೇಳುತ್ತೇನೆ.

ಮಳೆಗಾಲ ಕಳೆಯಿತು. ಮೈದುನನ ಮಗಳ ಮದುವೆಯಾಗಿ, ಕೊಕ್ಕರೆ ಬೆಳ್ಳೂರಿನ ಹತ್ತಿರದ ಊರಲ್ಲಿ ಬೀಗರೂಟ. ಹೊರಡುವ ಬೆಳಿಗ್ಗೆ ಜಮಖಾನ ಹಾಸಲೆಂದು ನಾನೇ ಟ್ರೈಲರ್ ಹತ್ತಿದೆ. ಮೂಲೆಯಲ್ಲಿ ಒಣಗಿದ ಕಬ್ಬಿನ ಸೋಗೆ ಅಂಟಿಕೊಂಡಿತ್ತು. ಪೊರಕೆಯ ಹಿಡಿಯಿಂದ ಕುಟ್ಟಿದೆ. ದುಬ್—.

ಬಗ್ಗಿ ನೋಡಿದೆ. ಪೇಂಟು ಹೊಳೆಯುತ್ತಲೇ ಇತ್ತು. ಪ್ರಯಾಣಕ್ಕೆಂದು ತಂದು ಒರಗಿಸಿದ್ದ ಛತ್ರಿಯ ತುದಿ ಒತ್ತಿದೆ. ಬೇಯಿಸಿದ ಗೆಣಸಿಗೆ ಇಳಿದ ಹಾಗೆ ಇಳಿಯಿತು. ತೆಗೆದಾಗ ತುದಿಗೆ ಕಂದು ಬಣ್ಣದ ಒದ್ದೆ ಪುಡಿ, ಅಣಬೆಯ ವಾಸನೆ. ಆ ಹಲಗೆಯಡಿ ಚಕ್ರವಿದೆ. ಹಲಗೆಯ ಮೇಲೆ ಇನ್ನು ಸ್ವಲ್ಪ ಹೊತ್ತಿಗೆ ಹೆಂಗಸರು, ಮಕ್ಕಳು—

ಹೇಳಬಹುದಿತ್ತು. ನಮ್ಮ ಮನೆಯವರು ಅಲ್ಲೇ ಹತ್ತು ಮಾರು ದೂರದಲ್ಲಿ ಟ್ರ್ಯಾಕ್ಟರಿಗೆ ಡೀಸೆಲ್ ಹಾಕುತ್ತಿದ್ದರು. 'ರೀ' ಎಂದರೆ ಸಾಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಲಂಕಾರ ಮಾಡಿಕೊಂಡು ಬೀದಿ ತುಂಬ ಬರುತ್ತಿದ್ದ ಹೆಂಗಸರು ಕಂಡರು. ಎಲ್ಲರೆದುರಿಗೆ, 'ನೋಡ್ರಪ್ಪಾ ಇಂಗ್ಲೀಸ್ ಅಮ್ಮಣ್ಣಿ ಪೇಂಟು!' ಎಂಬ ನಗು ಕಿವಿಗೆ ಬಿತ್ತು—ಇನ್ನೂ ಯಾರೂ ನಕ್ಕಿರಲಿಲ್ಲ. ತೂತಿನ ಮೇಲೆ ಜಮಖಾನವನ್ನು ಎರಡು ಮಡಿಕೆ ಮಾಡಿ ಹಾಸಿದೆ. ನಾನು ಕಡ್ಡಿಯಂತಿದ್ದೆ, ನಾನೇ ಅಲ್ಲಿ ಕೂರುತ್ತೇನೆ, ಕಾಯುತ್ತೇನೆ, ನಾಳೆ ಗುಟ್ಟಾಗಿ ಹಲಗೆ ಬದಲಿಸಿದರಾಯಿತು. ಹೀಗೆಂದು ನನಗೆ ನಾನೇ—

ಆ ಪ್ರಯಾಣ! ಮೂಲೆಯಲ್ಲಿ ಕೂತು ಒಂದು ಮೊಣಕಾಲನ್ನು ಅಚ್ಚಿನ ಕಬ್ಬಿಣದ ಮೇಲಿರುವ ಗಟ್ಟಿ ಹಲಗೆಗೆ ಒತ್ತಿಕೊಂಡಿದ್ದೆ, ಪಕ್ಕದ ಕಬ್ಬಿಣದ ಅಂಚನ್ನು ಹಿಡಿದ ಕೈ ಬಿಡಲಿಲ್ಲ. ಹಳ್ಳ ಬಂದಾಗಲೆಲ್ಲ ಅಡಿಯಲ್ಲಿ ಏನೋ ತಗ್ಗಿ ಮೇಲೇಳುವುದು ತಿಳಿಯುತ್ತಿತ್ತು. ಹೆಂಗಸರು ಸೋಬಾನೆ ಹಾಡುತ್ತಿದ್ದರು. ಜಯಮ್ಮ ನನ್ನ ಎದುರಿಗೇ, ಇಬ್ಬರ ಜಾಗದಲ್ಲಿ ಒಬ್ಬಳೇ ಕೂತು, ಯಾರದೋ ಮಗುವನ್ನು ಮಡಿಲಲ್ಲಿ ಕುಣಿಸುತ್ತಿದ್ದಳು. ಆ ಮಗು ಒಮ್ಮೆ ತೆವಳಿಕೊಂಡು ನನ್ನತ್ತ ಬಂತು. ನಾನು ಎಷ್ಟು ಜೋರಾಗಿ ಗದರಿದೆನೆಂದರೆ ಹಾಡು ನಿಂತುಹೋಯಿತು.

ಹೆದ್ದಾರಿಗೆ ಬಂದು ಸೋಮನಹಳ್ಳಿಯ ಹತ್ತಿರ ಟೀಗೆ ನಿಲ್ಲಿಸಿದರು. ಅಲ್ಲಿ ಮೈದುನನ ಕಾರು ಬಂತು, ಮಂಡ್ಯದಿಂದ. ಒಂದು ಸೀಟು ಖಾಲಿ ಇತ್ತು.

"ಅತ್ತಿಗೆ, ನೀವು ಕಾರ್ಗೆ ಬನ್ನಿ."

"ಓಗಿ ಓಗಿ," ಎಂದು ಹೆಂಗಸರೆಲ್ಲ ಕೂಗಿದರು. "ಅಮ್ಮಣ್ಣಿಯವ್ರ ಸೊಂಟ ನೊಯ್ತದೆ. ಆಗ್ಲಿಂದ ಮೂತಿ ಸಣ್ಣಗ್ ಮಾಡ್ಕಂಡ್ ಕೂತವ್ರೆ!"

ಇಳಿದೆ. ಯಾಕೆ ಇಳಿದೆ ಎಂದು ಈ ಹೊತ್ತಿನವರೆಗೂ ಕೇಳಿಕೊಂಡಿದ್ದೇನೆ. ಆ ಮೂಲೆಯಿಂದ ನನ್ನ ದೇಹ ತಾನಾಗಿಯೇ ಎದ್ದುಬಿಟ್ಟಿತು. ಭಯ ನನ್ನನ್ನು ಇಳಿಸಿತು. ಇನ್ನೊಬ್ಬರನ್ನು ಇಳಿಸು ಅನ್ನಲಿಲ್ಲ. ನೆಲದ ಮೇಲೆ ನಿಂತು ತಿರುಗಿ ನೋಡಿದರೆ ಜಯಮ್ಮ ಮಗುವನ್ನು ಅದರ ತಾಯಿಗೆ ಕೊಟ್ಟು ನನ್ನ ಜಾಗಕ್ಕೆ ಜರುಗುತ್ತಿದ್ದಾಳೆ.

"ಒರಗಿಕೊಳ್ಳಕ್ಕೆ ಒಳ್ಳೇ ಮೂಲೆ ಸಿಕ್ತು. ಇಲ್ಲೇ ಕೂತ್ಕಳ್ಳಾ ಅತ್ತಿಗೆ?"

ಕೇಳಿದಳು. ನನ್ನನ್ನು ಕೇಳಿದಳು. ಕಾರಿನ ಬಾಗಿಲು ತೆರೆದಿತ್ತು.

"ಹೂಂ. ಕೂತ್ಕೋ ಜಯಾ."

ನನ್ನ ತಪ್ಪನ್ನು ಬೇರೆ ಎಲ್ಲಿಯೂ ಹುಡುಕಬೇಕಿಲ್ಲ. ಪೇಂಟು ಹೊಡೆಸಿದ್ದು ಅಜ್ಞಾನ. ಇದು—

ಕಾರು ಮುಂದೆ ಹೋಯಿತು. ಹಿಂದಿನ ಗಾಜಿನಲ್ಲಿ ಟ್ರೈಲರ್ ಸಣ್ಣದಾಗುತ್ತ, ತಿರುವಿನಲ್ಲಿ ಮರೆಯಾಯಿತು. ಬೀಗರ ಊರಲ್ಲಿ ಹುಣಸೇಮರಗಳ ತುಂಬ ಕೊಕ್ಕರೆಗಳು. ಅವು ಕೊಕ್ಕನ್ನು ಕಟಕಟ ಕುಟ್ಟಿದಾಗೆಲ್ಲ ನಾನು ಬೆಚ್ಚುತ್ತಿದ್ದೆ. ಪಾನಕ ಕೊಟ್ಟರು, ಕುಡಿಯಲಾಗಲಿಲ್ಲ. ಮೊದಲ ಪಂಕ್ತಿಗೆ ಎಲೆ ಹಾಕಿದರು. ಟ್ರ್ಯಾಕ್ಟರಿನ ಸದ್ದಿಲ್ಲ. "ನಮ್ಮೋರು ಬಂದ್ರಾ? ಟ್ರೈಲರ್ ಬಂತಾ?" ಎಂದು ಸಿಕ್ಕಸಿಕ್ಕವರನ್ನು ಕೇಳಿದೆ. ಯಾವ ದೇವರನ್ನು ಕರೆಯಬೇಕೆಂದು ತಿಳಿಯದೆ ಕಾನ್ವೆಂಟಿನ ಪ್ರೇಯರೂ ಹೇಳಿಕೊಂಡೆ, ಮನೆದೇವರನ್ನೂ ನೆನೆದೆ. ಕೊನೆಗೆ ಬಂದದ್ದು ಒಂದು ಬೈಕು.

"ಅಲ್ಗೆ ಮುರ್ದೋಯ್ತು ಕಣ್ರಪ್ಪೋ! ಜಯಮ್ಮಕ್ಕನ ಕಾಲು ಕೆಳಿಕ್ಕೆ ಇಳ್ದು ಚಕ್ರಕ್ಕೆ ಸಿಕ್ಕದೆ. ಮಂಡ್ಯ ಆಸ್ಪತ್ರೆಗೆ ಎತ್ಕಂಡೋದ್ರು!"

ಜೀವ ಉಳಿಯಿತು. ಕಾಲೂ ಉಳಿಯಿತು, ಆದರೆ ಆ ಮೊಣಕಾಲು ಮತ್ತೆ ಮಡಚಲಿಲ್ಲ. ವಾರ್ಡಿನಲ್ಲಿ ಅವಳ ಅಣ್ಣ—ನಮ್ಮ ಮನೆಯವರು—ಮಂಚದ ಕಬ್ಬಿಣ ಹಿಡಿದು ಚಿಕ್ಕ ಹುಡುಗನ ಹಾಗೆ ಅತ್ತರು. ಅವರನ್ನು ನಗಿಸಲೆಂದು ಅವಳೇ ಮೊದಲು ಅಂದಳು: "ಟನ್ಗಟ್ಲೆ ಕಬ್ಬು ತಡ್ಕಂಡಿದ್ ಟ್ರೈಲರು ನನ್ನ ತಡೀಲಿಲ್ವಲ್ಲಣ್ಣಾ! ಎಂಥಾ ಗಟ್ಟಿಗಿತ್ತಿ ನಿನ್ ತಂಗಿ!" ಎಲ್ಲರೂ ನಕ್ಕರು. ಆ ಮಾತು ಅವಳಿಗಿಂತ ಮುಂಚೆ ಊರು ಸೇರಿತು.

ಕಬ್ಬು ಉದ್ದಕ್ಕೆ ಮಲಗುತ್ತದೆ, ಭಾರ ಹಂಚಿಹೋಗುತ್ತದೆ. ಅದಕ್ಕೇ ಆ ಕೊಳೆತ ಹಲಗೆ ಅಲ್ಲಿಯವರೆಗೆ ತಡೆದಿತ್ತು. ನಮ್ಮ ಮನೆಯವರಿಗೆ ಮಾತ್ರ ಎಲ್ಲೋ ಅನುಮಾನ. "ಆ ಅಲ್ಗೆ ತುಂಡು ಎತ್ತಿಡು, ಆಚಾರಿಗೆ ತೋರುಸ್ಬೇಕು," ಅಂದರು. ಅವರು ಆಸ್ಪತ್ರೆಗೆ ಹೋದದ್ದೇ ತಡ, ಎರಡು ತುಂಡನ್ನೂ ಬಚ್ಚಲ ಹಂಡೆಯ ಒಲೆಗೆ ತುರುಕಿದೆ. ಉರಿಯಲಿಲ್ಲ. ಒದ್ದೆ ಕೊಳೆತ ಮರ, ಬುಸುಗುಡುತ್ತ ನೊರೆ ಕಾರಿತು. ಪೇಂಟು ಹಸಿರು ಗುಳ್ಳೆ ಎದ್ದು ಬಚ್ಚಲೆಲ್ಲ ಘಾಟು. ಬಾಗಿಲ ಅಗುಳಿ ಹಾಕಿಕೊಂಡು, ಯಾರ ಹೆಜ್ಜೆ ಕೇಳಿದರೂ ಉಸಿರು ಹಿಡಿದು, ಊದುಕೊಳವೆಯಿಂದ ಊದಿದೆ, ಊದಿದೆ. ಸಂಜೆ ಅವರು ಬಂದು ಕೇಳಿದಾಗ, "ರಕ್ತ ಹತ್ತಿದ ಹಲಗೆ, ಮನೇಲಿ ನೋಡಕ್ಕಾಗಲಿಲ್ಲ, ಸುಟ್ಟುಬಿಟ್ಟೆ," ಅಂದೆ. ನನ್ನ ಕೆಂಪಾದ ಕಣ್ಣು ನೋಡಿ, ಪಾಪ, ತಲೆ ನೇವರಿಸಿದರು. ಆಮೇಲೆ ಇಡೀ ಟ್ರೈಲರಿಗೆ ಕಬ್ಬಿಣದ ಶೀಟು ಹೊಡೆಸಿದರು. ಕೊನೆಯವರೆಗೂ ಅವರಿಗೆ ತಿಳಿಯಲಿಲ್ಲ.

ಕಾಲು ಕುಂಟಾದದ್ದಕ್ಕಿಂತ ನಾನು ಜಯಮ್ಮನಿಗೆ ಮಾಡಿದ ದೊಡ್ಡ ಅನ್ಯಾಯ ಆಮೇಲಿನದು. ಊರಿನ ಜೊತೆ ನಗುತ್ತಲೇ ಅವಳು ಒಳಗೆ ಅದನ್ನು ನಂಬಿಬಿಟ್ಟಳು. ಬೀಗರೂಟಕ್ಕೆ ಬರುವುದು ನಿಲ್ಲಿಸಿದಳು. "ನಾ ಬಂದ್ರೆ ಚಪ್ಪರಾನೂ ಬಿದ್ದದು," ಅನ್ನುವಳು. ಎರಡನೇ ಮುದ್ದೆ ಬಿಟ್ಟಳು, ಆಮೇಲೆ ಅರ್ಧ ಮುದ್ದೆಗೆ ಇಳಿದಳು. ಎಲ್ಲಕ್ಕಿಂತ, ಕೂರುವ ಮೊದಲು ಅಂಗೈಯಿಂದ ಒತ್ತಿ ನೋಡುವುದು. ಮಂಚ, ಕುರ್ಚಿ, ಬಸ್ಸಿನ ಸೀಟು, ಕೊನೆಗೆ ಜಗುಲಿಯ ಕಲ್ಲನ್ನೂ. ಅವಳ ಕೈ ಹಾಗೆ ಒತ್ತಿದಾಗಲೆಲ್ಲ ನನ್ನ ಕಿವಿಯಲ್ಲಿ ದುಬ್—. ಈಗ ಹೇಳುತ್ತೇನೆ, ಈ ಹಬ್ಬಕ್ಕೆ ಹೇಳುತ್ತೇನೆ ಎಂದು ವರ್ಷ ವರ್ಷ ಮುಂದೂಡಿದೆ. ಅವಳು ಬೈದಾಳು ಎಂಬ ಭಯವಿರಲಿಲ್ಲ. ಬೈಯದೆ ನನ್ನ ಮುಖ ನೋಡಿಬಿಟ್ಟರೆ—

ಮೊನ್ನೆ ಊಟದ ಪಂಕ್ತಿಯಲ್ಲಿ, ಮನೆಗೆ ಬಂದ ಹೊಸ ಸೊಸೆಗೆ ಯಾರೋ 'ಹಲಗೆ ಮುರಿದ ಜಯಮ್ಮ'ನ ಕತೆ ಹೇಳಿದರು. ಸತ್ತವಳ ಕತೆ. ಪಂಕ್ತಿಯೆಲ್ಲ ನಕ್ಕಿತು. ನನ್ನ ತುಟಿಯೂ ಅಭ್ಯಾಸಬಲದಿಂದ ಅಗಲವಾಯಿತು. ಆಗ ಎದುರಿಗೆ ಜಯಮ್ಮನ ಮಗಳನ್ನು ನೋಡಿದೆ. ಅವಳು ನಗಲಿಲ್ಲ. ಎದ್ದು ಹೋಗಿ, ಇನ್ನೊಂದು ಕುರ್ಚಿ ಎಳೆದುಕೊಂಡು, ಕೂರುವ ಮೊದಲು ಅಂಗೈಯಿಂದ ಅದನ್ನು ಒತ್ತಿದಳು.

ಈ ಬರೆದದ್ದನ್ನು ಮೊದಲು ಆ ಮಗಳಿಗೆ ಓದಿ ಹೇಳುತ್ತೇನೆ. ಆಮೇಲೆ ಮುಂದಿನ ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವಂತೆ. ಹೆದರಿಕೆ ಹೋಗಿಲ್ಲ. ಹೋಗಲೆಂದು ಕಾಯುವುದೂ ಇಲ್ಲ.

ಜಯಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ನಮ್ಮ ಹಟ್ಟಿಯಲ್ಲೇ. ಕಾಯಿಲೆ ಅವಳನ್ನು ತಿಂದುಹಾಕಿತ್ತು. ರವಿಕೆಯ ತೋಳು ಜೋಲುತ್ತಿತ್ತು, ಮಗಳ ಭುಜ ಹಿಡಿದು ಬಂದಳು. ನಾನು ಒಳಗಿನಿಂದ ಹಳೆಯ ಬೀಟೆ ಕುರ್ಚಿ ತಂದು ಹಾಕಿದೆ. ಅವಳು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅಂಗೈಯನ್ನು ಕುರ್ಚಿಯ ಮೇಲಿಟ್ಟು, ನಿಧಾನವಾಗಿ ಒತ್ತಿದಳು.

"ತಡೀತದಾ ಅತ್ತಿಗೆ?"

ನನ್ನ ಬಾಯಿಗೆ ಬಂದಿತ್ತು. ಆಣೆ ಮಾಡಿ ಹೇಳುತ್ತೇನೆ, ನಾಲಿಗೆಯ ತುದಿಗೇ ಬಂದಿತ್ತು.

"ಹೂಂ," ಅಂದೆ. "ಕೂತ್ಕೋ ಜಯಾ."

ಅವಳು ನಕ್ಕಳು. ಸದ್ದಿಲ್ಲ, ಭುಜ ಮಾತ್ರ ಅಲುಗಿತು. "ಇನ್ನೇನ್ ಬುಡಿ," ಅಂದಳು, "ಈಗ ಯಾವ ಅಲ್ಗೆನೂ ಮುರಿಯಾಕಿಲ್ಲ." ಆದರೂ ಅಂಚಿನಲ್ಲೇ ಕೂತಳು, ಅರ್ಧ ಭಾರವನ್ನು ಕೋಲಿನ ಮೇಲೆ ಬಿಟ್ಟು.